ಬೇರಲ್ಲ, ಎಲೆ

ಪ್ರಾಕ್ಟಿಕಲ್ ಇರುವ ದಿನ ಏಳರ ಬಸ್ಸಿಗೆ
ಕಡವಾಡದ ಹೊಂಡಕ್ಕೆ ಹೋಗಿಬರುವುದು ನನ್ನ ಕೆಲಸ.
ಕೈಯಲ್ಲಿ ಪೇಂಟಿನ ಖಾಲಿ ಬಕೆಟ್ಟು.
ಏನು ಸರೋಜಕ್ಕ, ಸಿಗಡಿಯೋ ಬಳಚೋ?
ಜರೀಗಿಡ, ಎನ್ನುತ್ತೇನೆ.
ಕಂಡಕ್ಟರ್ ನಗುತ್ತಾನೆ,
ಬರುವಾಗ ಬಕೆಟ್ಟಿಗೂ ಟಿಕೆಟ್ ಹರಿಯುತ್ತಾನೆ.

ಹೊಂಡದಲ್ಲಿ ನೀರು ಕಾಣುವುದಿಲ್ಲ.
ಕೈಯಿಂದ ಅದುಮಿ ಮುಳುಗಿಸಿ ಬಿಟ್ಟರೆ
ಬೆಳ್ಳಿಯ ಗಾಳಿ ಹೊದ್ದು
ಒದ್ದೆಯಾಗದೆ ಮೇಲೆ ಬರುತ್ತವೆ ಎಲೆಗಳು.
ಮಸೂರದಲ್ಲಿ ನೋಡಿದ್ದೇನೆ:
ಒಂದೊಂದು ರೋಮವೂ ನಾಲ್ಕಾಗಿ ಸೀಳಿ
ತುದಿಯಲ್ಲಿ ಮತ್ತೆ ಕೂಡಿದ ಕಡಗೋಲು.
ಕಡೆಯುವುದಕ್ಕೆ ಮಜ್ಜಿಗೆಯಿಲ್ಲ.

ಗೆಣ್ಣಿಗೆ ಮೂರು ಎಲೆ.
ಎರಡು ಮೇಲೆ, ಹಸಿರು, ಜೋಡಿ.
ಮೂರನೆಯದು ನೀರೊಳಗೆ
ನೆನೆದ ತೆಂಗಿನ ನಾರಿನ ಹಾಗೆ ಕಂದು, ಎಳೆ ಎಳೆ.
ಪ್ರತಿ ವರ್ಷ ಅರ್ಧ ಕ್ಲಾಸು ಅಲ್ಲಿಗೇ ಬಾಣ ಎಳೆದು
ಬೇರು ಎಂದು ಬರೆಯುತ್ತದೆ,
ಎರಡು ಅಂಕ ಕಳೆದುಕೊಳ್ಳುತ್ತದೆ.
ರೇವಣಕರ್ ಮೇಡಂ ಕೆಂಪು ಶಾಯಿಯಲ್ಲಿ:
ಬೇರಲ್ಲ, ಎಲೆ.
ಈ ಗಿಡಕ್ಕೆ ಬೇರೇ ಇಲ್ಲ.

ಇದರ ದಾಯಾದಿ ಅಜೋಲಾಕ್ಕೆ ಇದೆ.
ದನಕ್ಕೆ ಹಾಕುತ್ತಾರಲ್ಲ, ಬಿಸಿಲಿಗೆ ಕೆಂಪಾಗುವುದು, ಅದು.
ಎಲೆಯ ಗೂಡಿನಲ್ಲಿ ನೀಲಿ ಪಾಚಿಯನ್ನು
ಬಾಡಿಗೆಗೆ ಇಟ್ಟುಕೊಂಡಿದೆ;
ಬಾಡಿಗೆ, ಸಾರಜನಕದಲ್ಲಿ.

ನೌಕಾನೆಲೆಗೆ ನಮ್ಮ ಊರು ಹೋದಾಗ ನನಗೆ ಹದಿಮೂರು.
ಕಾಲೊನಿಯಲ್ಲಿ ಮೀನು ಒಣಗಿಸಲು
ಆಯಿ ಮರಳು ಹುಡುಕಿದಳು.
ಕಾಲಿಗೆ ಸಿಕ್ಕಿದ್ದು ಮುರಕಲ್ಲು.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಹಿಡಿದಳು,
ಬೆರಳ ಚರ್ಮ ಎಳೆ ಎಳೆಯಾಗಿ ಬಿಟ್ಟಿತು.
ನಾನೂ ಅಕ್ಕನೂ
ಇಸ್ತ್ರಿ ಕೆಡದ ಯೂನಿಫಾರ್ಮಿನಲ್ಲಿ
ಶಾಲೆಗೆ ಹೋದೆವು.

ಆ ಎಳೆಗಳಲ್ಲಿ ಮಣಿಸರದಂತೆ ಚೀಲಗಳು ತೂಗುತ್ತವೆ.
ಬ್ಲೇಡಿನಿಂದ ಕೊಯ್ದರೆ ಒಳಗೆಲ್ಲ ಜೊಳ್ಳು.
ಮತ್ತೆ ಹೇಗೆ ಮೇಡಂ ಇಷ್ಟೊಂದು?
ಮುರಿದು, ಎಂದರು.
ಮುರಿದ ತುಂಡೆಲ್ಲ ಗಿಡ.
ಕಡವಾಡದ ಹೊಂಡವೆಲ್ಲ ಒಂದೇ ಗಿಡ ಇದ್ದರೂ ಇರಬಹುದು,
ತಾನೇ ತನಗೆ ನೆರೆಮನೆ.

ಸಂಜೆ ಟ್ರೇ ತೊಳೆಯುತ್ತೇನೆ.
ಗಟಾರಕ್ಕೆ ಚೆಲ್ಲಬೇಡ, ಊರು ತುಂಬುತ್ತದೆ ಎಂದಿದ್ದಾರೆ.
ಉಳಿದದ್ದನ್ನು ಕೋಡಿಬಾಗಿಗೆ ಒಯ್ದು,
ಕಾಳಿ ಸಮುದ್ರ ಸೇರುವಲ್ಲಿ, ಭರತದ ನೀರಿಗೆ ಸುರಿಯುತ್ತೇನೆ.
ಉಪ್ಪಿಗೆ ಇದು ಬದುಕುವುದಿಲ್ಲ.
ನಾವು ಉಪ್ಪಿನವರು. ಸ್ವಲ್ಪ ಹೊತ್ತು ನಿಂತಿರುತ್ತೇನೆ.

ಬಸ್ಸಿನಲ್ಲಿ ಅದೇ ಕಂಡಕ್ಟರ್.
ಬಕೆಟ್ಟು ಖಾಲಿಯಲ್ಲವೇ ಅಕ್ಕ, ಟಿಕೆಟ್ ಬೇಡ.
ತಳಕ್ಕೆ ಒಂದು ಚೂರು ಅಂಟಿಕೊಂಡಿದೆ,
ಎರಡು ಎಲೆ ಮೇಲೆ, ಒಂದು ಕೆಳಗೆ.
ಹೌದು ಮಾರಾಯ, ಖಾಲಿ,
ಎನ್ನುತ್ತೇನೆ.