ಕೂಡಿದ ಹಾಳಿ

ಯಾರೂ ಸತ್ತಿರಲಿಲ್ಲ, ಅದನ್ನ ಮೊದಲ ಹೇಳತೀನಿ.
ಮನ್ಯಾಗ ಜಡ್ಡಿಲ್ಲ, ಜಗಳಿಲ್ಲ,
ಮಗಳು ಸುವಾರ್ತಾ ನರ್ಸಿಂಗ್ ಮುಗಿಸಿದ್ಳು.
ಆದ್ರೂ ಒಂದು ರಾತ್ರಿ ಮೊಣಕಾಲೂರಿ ಕೂತಾಗ
ಬಾಯಾಗ ಒಂದು ಮಾತೂ ಬರಲಿಲ್ಲ.
ಗುಳೇದಗುಡ್ಡದ ನಳದಂಗ
ಸುಂಯ್ ಅಂತ ಬರೇ ಗಾಳಿ.

ಮೂರು ತಿಂಗಳು ಹಂಗ.
ಎಲ್ಲಾರ ಜೋಡಿ ಆಮೆನ್ ಅಂತಿದ್ದೆ,
ಮುಂಜಾನೆದ್ದು ಕಾಲು ತಾನ
ಮಗ್ಗದ ಕುಣಿಯಾಗ ಇಳದಂಗ.

ಅಯ್ಯನೋರಿಗೆ ಹೇಳಿದೆ. ನಾಚಿಕಿ ಆತು,
ಐವತ್ತೆರಡು ವರ್ಷದ ಹೆಂಗಸು,
ಸ್ತ್ರೀಯರ ಕೂಟದ ಲೆಕ್ಕ ಬರ್ಯಾಕಿ.
"ಒಂದು ಪುಸ್ತಕ ಕೊಡ್ರಿ" ಅಂದೆ.
"ದೊಡ್ಡ ಪುಸ್ತಕ ಮನ್ಯಾಗ ಐತ್ರಿ, ಅದು ಬ್ಯಾರೆ.
ಅದರ ಬಾಗಿಲಾ ತಗಿಯೂ ಅಂಥಾದ್ದು ಒಂದು ಬೇಕು."

ಅವರು ಕೊಟ್ಟದ್ದರಾಗ ಜಯಕ್ಕ ಏಳು ಮೆಟ್ಟಲ.
ಮುಖಪುಟದ ಮ್ಯಾಲೆ ಸೂಟು ಹಾಕಿದಾತ
ಹಿಮದ ಗುಡ್ಡ ಏರಿ ನಿಂತಿದ್ದ.
ನಮ್ಮ ಗುಡ್ಡ ಕೆಂಪು. ಆಡು ಏರತಾವ.
ಮೂರನೇ ಮೆಟ್ಟಲಕ್ಕ ನಾ ಕೂತುಬಿಟ್ಟೆ.

ಬಸ್ ಹಿಡದು ಬಾಗಲಕೋಟಿ ಕನ್ವೆನ್ಷನ್ನಿಗೆ ಹೋದೆ,
ಪೆಂಡಾಲಿನ ಹಿಂದ ಪುಸ್ತಕದ ಟೇಬಲ್ಲು.
ಒಂದರಾಗ ಕಡೇ ದಿನದ ಬೆಂಕಿ, ಕುದರಿ.
ಒಂದರ ಕನ್ನಡ ಎಲ್ಲಿಂದೋ ಹೊತ್ತು ತಂದದ್ದು,
ಎಣ್ಣಿ ಕಾಣದ ಚಕ್ಕಡಿ ಗಾಲಿಯಂಗ ಕಿರುಗುಡತಿತ್ತು.
"ಎರಡು ತಗೊಂಡ್ರ ಕ್ಯಾಲೆಂಡರ್ ಫ್ರೀ ರೀ ಆಂಟಿ"
ಅಂದ ಹುಡುಗ, ಪಾಪ, ಬಿಸಿಲಿಗೆ ಬಾಡಿದ್ದ.
"ಪ್ರಾರ್ಥನಿ ಬಾರದಾವರಿಗೆ ಏನರ ಐತೇನು?"
ಪಟ್ಟಿ ನೋಡಿದ, ತಲಿ ಕೆರಕೊಂಡ:
"ಪ್ರಾರ್ಥನಿ ಮಾಡೂದು ಹ್ಯಾಂಗ ಅನ್ನೂದು ಐತ್ರಿ."
ಕ್ಯಾಲೆಂಡರ್ ಅಡಗಿಮನ್ಯಾಗ ತೂಗ ಹಾಕೀನಿ.

ಸಿಕ್ಕದ್ದು ದೂರೆಲ್ಲೂ ಅಲ್ಲ.
ಚರ್ಚಿಗೆ ಸುಣ್ಣ ಹಚ್ಚೂ ಮುಂದ
ಕಪಾಟು ಸರಿಸಿದ್ವಿ, ನಾನು, ಕೊಯಿರಿನ ಸಾಲೋಮಿ.
ಗ್ವಾಡಿಗೆ ಆತು ಬಿದ್ದಿತ್ತು,
ರಟ್ಟು ಗೆದ್ದಲಿನ ಪಾಲು,
ಹೆಸರಿನ ಹಾಳಿ ಇಲ್ಲ, ಬರದಾವ ಯಾರೋ.
ಹಳೇ ಅಚ್ಚು, ಅರ್ಕಾವತ್ತು ದಪ್ಪ,
ತಾಳ್ಮಿ ಬಗ್ಗೆ ಸಣ್ಣ ಸಣ್ಣ ಮಾತು.

ಮತ್ತ ಅಂಚಿನಾಗ, ಸೀಸದ ಕಡ್ಡಿಲೆ,
ಮಿಷನ್ ಸಾಲಿಯ ದುಂಡನ ಅಕ್ಷರ.
ಹೆಂಗಸಂತ ಹ್ಯಾಂಗ ಗೊತ್ತು?
"ಇವತ್ತು ಎರಡು ಖಣ ಇಳಿಸಿದೆ. ಪ್ರಾರ್ಥನೆ ಇಲ್ಲ.
ರೊಟ್ಟಿ ಸೀದವು."
ಮುಂದಿನ ಪುಟ: "ಒಂದು ಖಣ. ಎಳೆ ಬಹಳ ಹರಿದವು.
ದೇವರು ಸುಮ್ಮನಿದ್ದಾನೆ. ನಾನೂ."
ಇನ್ನೊಂದು ಕಡೆ ಬರೇ "ಹೂಂ" ಅಂತ,
ಮಗ್ಗಲ ಮನಿಯಾಕಿಗೆ ಓಗೊಟ್ಟಂಗ.

ನಾ ಅಲ್ಲೇ ನೆಲದ ಮ್ಯಾಲೆ ಕೂತೆ.
ಸಾಲೋಮಿ ಸುಣ್ಣದ ಡಬ್ಬಿ ಹಿಡದು ನಿಂತಿದ್ಳು,
"ಏನಾತಬೇ?" ಅಂದ್ಳು.
ಏನಿಲ್ಲ. ನನಗಿಂತ ಮೊದಲ
ಈ ಊರಾಗ ಒಬ್ಬಾಕಿ ಸುಮ್ಮನ ಕೂತಿದ್ಳು.

ನಲವತ್ತೊಂದನೇ ಪುಟಕ್ಕ ಆಕಿ ಮಾತು ನಿಂತಾವ.
ಸತ್ಳೋ, ಲಗ್ನಾಗಿ ಹೋದ್ಳೋ,
ದನಿ ತಿರುಗಿ ಬಂದು ಪುಸ್ತಕ ಬ್ಯಾಡಾತೋ.
ಅಲ್ಲಿಂದ ಮುಂದ ಹಾಳಿ ಕೂಡ್ಯಾವ,
ಅಚ್ಚಿನ ಮನ್ಯಾಗ ಮಡಚಿದ್ದು ಮಡಚಿದಂಗ.
ಯಾರೂ ಬಿಡಿಸಿಲ್ಲ, ಯಾರೂ ಓದಿಲ್ಲ.

ಎಳಿ ಕೊಯ್ಯೂ ಚೂರಿ ಐತಿ ನನ್ನ ಹಂತ್ಯಾಕ.
ದಿನಾ ರಾತ್ರಿ ಒಂದು ಮಡಿಕಿ,
ಅದಕಿಂತ ಹೆಚ್ಚಿಲ್ಲ.
ಸರ್ರ್ ಅಂತ ಸೀಳತೈತಿ ಹಾಳಿ,
ಅಂಚಿಗೆ ಹತ್ತಿಯಂಥಾ ಜುಂಗು ಏಳತೈತಿ,
ಪುಡಿ ತೊಡಿ ಮ್ಯಾಲೆ ಉದುರತೈತಿ.
ಕೆಲವು ಪುಟ ತಿಳಿಯೂದಿಲ್ಲ. ಕೆಲವು ಬ್ಯಾಸರ.
ಒಂದನ್ನ ಎರಡು ಸಲ ಓದಿ
ಹಾಸಿಗಿ ಹಾಸೂದ ಮರತೆ.

ಪ್ರಾರ್ಥನಿ ಬಂತೇನು, ಅಯ್ಯನೋರು ಕೇಳತಾರ.
ಬಂದಿಲ್ರಿ, ಅಂತೀನಿ.
ಆದ್ರ ನಿನ್ನಿ ಕೂಟದ ಲೆಕ್ಕದ ಪೆನ್ಸಿಲ್ ತಗೊಂಡು
ಅಂಚಿನಾಗ ಬರದೆ, ಮೊದಲನೇ ಸಲ:
"ಮೂರು ಖಣ. ರೊಟ್ಟಿ ಚೊಲೋ ಬಂದಾವ.
ನೀ ಇದ್ದೀಯೇನು?"

ಆಕಿಗೆ ಕೇಳಿದೆನೋ, ಆತಗೋ,
ಗೊತ್ತಿಲ್ಲ.
ನಾಳಿನ ಮಡಿಕಿ ಇನ್ನೂ ಕೂಡೇತಿ.