ಇತರೆ

ಬೀಗದ ಊರಿಗೆ ಬೀಗರು ಬಂದರು
ನವೆಂಬರಿನ ಒಂದು ಮಂಗಳವಾರ,
ಒಬ್ಬರ ಮುಖ ಇನ್ನೊಬ್ಬರು ನೋಡದ ಹಾಗೆ
ಗಂಟೆಗೊಬ್ಬರು, ಬೇರೆ ಬೇರೆ ಬಾಗಿಲಿಂದ.

ಊರು ಫೆಲ್ಬರ್ಟ್. ಅಜ್ಜನ ಅಜ್ಜನ ಕಾಲದಿಂದ
ಇಲ್ಲಿ ಹುಟ್ಟಿದ್ದೆಲ್ಲ ಬೀಗ, ಇಲ್ಲವೇ ಕೀಲಿಕೈ.
ಅರ ಉಜ್ಜಿ ಉಜ್ಜಿ ಒಂದು ಭುಜ ಗೂನಾದ ಮುದುಕರು
ಈಗಲೂ ಗೋಡೆಯ ಫೋಟೋಗಳಲ್ಲಿ ಓರೆಯಾಗಿ ನಿಂತಿದ್ದಾರೆ.
ಕೋಟ್‌ಸೀಪರ್ ಮತ್ತು ಮಕ್ಕಳು, ಎರಡನೇ ಮಹಡಿ,
ಉದ್ದ ಮೇಜು, ಥರ್ಮಾಸಿನಲ್ಲಿ ಕಾಫಿ.
ಉಗ್ರಾಣ, ಖರೀದಿ, ಸಂಬಳ, ಸಾಲ
ಎಲ್ಲ ಲೆಕ್ಕವೂ ಒಂದೇ ತಂತ್ರಾಂಶದ ಹೊಟ್ಟೆಗೆ ಹೋಗಬೇಕು;
ಯಾರ ಹೊಟ್ಟೆಗೆ, ಅದೇ ಪ್ರಶ್ನೆ.

ಮೊದಲು ಬಂದವರು ಐದು ಜನ, ಒಂದೇ ನೀಲಿಯ ಟೈ.
ಗೋಡೆಯ ಮೇಲೆ ದುಂಡನೆ ಚಿತ್ರವೊಂದು ಬೆಳಗಿತು:
ಇಡೀ ಮಾರುಕಟ್ಟೆ, ಹೋಳು ಹೋಳು.
ನೀಲಿ ಹೋಳು ಅವರದು, ನೂರಕ್ಕೆ ಮೂವತ್ನಾಲ್ಕು.
ಹೇಳುವಾಗ ಬೀಗಿದರು, ಬೀಗಬೇಕಾದ್ದೇ.
'ನಿಮಗೆ ಹಿತ್ತಾಳೆ ಕೊಡುವವರು ನಮ್ಮ ಗಿರಾಕಿ,
ನಿಮಗೆ ಸಾಲ ಕೊಡುವ ಬ್ಯಾಂಕೂ.'
ಭರವಸೆಯೋ ಬೆದರಿಕೆಯೋ ತಿಳಿಯದೆ
ಯಜಮಾನ ಎಗನ್ ಕೋಟ್‌ಸೀಪರ್ ಬಿಸ್ಕತ್ತು ಮುರಿದ.

ಎರಡನೆಯವರು ತಂದದ್ದೂ ಅದೇ ಮಾರುಕಟ್ಟೆ,
ಕತ್ತರಿಸಿದ ಚಾಕು ಬೇರೆ.
ಇಲ್ಲಿ ದೊಡ್ಡ ಹೋಳು ಹಸಿರು.
'ನೆಲದ ಲೆಕ್ಕ ಬಿಡಿ, ಮೋಡದಲ್ಲಿ ನಾವೇ ಮುಂದೆ.'
ಕಿಟಕಿಯಾಚೆ ನಿಜವಾದ ಮೋಡ
ಚರ್ಚಿನ ಗೋಪುರದವರೆಗೂ ಇಳಿದಿತ್ತು.

ಮೂರನೆಯವನು ಒಬ್ಬನೇ. ಯೋಖನ್ ಡಾಲ್‌ಬೆಕ್.
ವುಪ್ಪರ್ಟಾಲಿನಿಂದ ಬಸ್ಸಿನಲ್ಲಿ ಬಂದವನು, ಒದ್ದೆ ಬೂಟು.
ಕಂಪನಿಯಲ್ಲಿ ಆರು ಜನ, ಗಿರಾಕಿಗಳು ಹನ್ನೊಂದು.
ದುಂಡನೆ ಚಿತ್ರ ಅವನು ತರಲಿಲ್ಲ.
ಅದರಲ್ಲಿ ಅವನಿದ್ದದ್ದು ಬೂದು ಬಣ್ಣದ
'ಇತರೆ' ಎಂಬ ಹೋಳಿನೊಳಗೆ ಎಲ್ಲೋ,
ಹೆಸರು ಬರೆಯಲು ಅಗಲ ಸಾಲದೆ.

ಉಗ್ರಾಣದ ಹೈಡ್ರುನ್ ಮೂವರಿಗೂ ಕೇಳಿದ್ದು ಒಂದೇ:
'ಬೀಗವಿಲ್ಲದ ಕೀಲಿಕೈಯನ್ನು
ನಿಮ್ಮದರಲ್ಲಿ ಎಲ್ಲಿ ಬರೆಯುವುದು?'
ಕೆಳಗೆ ಅವಳ ಬಳಿ ಒಂದು ಡ್ರಾಯರ್ ಇತ್ತು,
ಬಾಗಿಲು ಸುಟ್ಟುಹೋದ ಮನೆಗಳವು, ಮುಳುಗಿದ ದೋಣಿಯದು,
ಯಾರೂ ಬಿಡಿಸಿಕೊಳ್ಳದ ಪಾರ್ಸೆಲ್ಲುಗಳವು.
ಅದರ ಚೀಟಿಯ ಮೇಲೂ ಬರೆದದ್ದು: ಇತರೆ.

ನೀಲಿ ಟೈ ಅಂದಿತು, 'ಪ್ರತಿ ಕೀಲಿಗೂ ಬೀಗದ ಸಂಖ್ಯೆ ಕಡ್ಡಾಯ.
ನಿಮ್ಮ ಪದ್ಧತಿಯೇ ಬದಲಾಗಬೇಕು, ಮೇಡಂ.'
ಹಸಿರಿನವರು ಅಂದರು, 'ಮುಂದಿನ ಆವೃತ್ತಿಯಲ್ಲಿ.'
ಡಾಲ್‌ಬೆಕ್ ಪೆನ್ನು ಕಚ್ಚಿಕೊಂಡು ಕೂತ.
'ಈಗ ಆಗಲ್ಲ. ಇವತ್ತು ರಾತ್ರಿ ಬರೆದರೆ
ಗುರುವಾರದ ಹೊತ್ತಿಗೆ ಆಗುತ್ತದೆ.'

ಬುಧವಾರ ಬ್ಯಾಂಕಿನವರು ಫೋನ್ ಮಾಡಿದರು.
ಆನೆ ನಡೆದದ್ದೇ ದಾರಿ. ಏಳು ವರ್ಷದ ಕರಾರು,
ನಡುವೆ ಬಿಟ್ಟರೆ ದಂಡ, ಇದ್ದರೂ ವರ್ಷಕ್ಕಿಷ್ಟು ಏರಿಕೆ.
ಬೀಗ ಮಾಡುವವನೇ ಒಳಗೆ ಕೂತು
ಚಿಲಕ ಹಾಕಿಸಿಕೊಂಡು ಸಹಿ ಹಾಕಿದ.
ಗುರುವಾರ ಬಂದ ಡಾಲ್‌ಬೆಕ್‌ನ ಮಿಂಚಂಚೆಗೆ
ಯಾರೂ ಉತ್ತರಿಸಿದ ನೆನಪಿಲ್ಲ.

ಮರುವರ್ಷ ನೀಲಿಯವರು ಅವನ ಕಂಪನಿಯನ್ನು ಕೊಂಡರು,
ಹನ್ನೊಂದು ಗಿರಾಕಿಗಳ ಸಮೇತ.
ಹೊಸ ಚಿತ್ರದಲ್ಲೂ ನೀಲಿ ಹೋಳು ಮೂವತ್ನಾಲ್ಕೇ.
ಬೂದು ಹೋಳು ಕುಗ್ಗಿದ್ದು
ಯಾವ ಕಣ್ಣಿಗೂ ಕಾಣಲಿಲ್ಲ.

ಏಪ್ರಿಲ್‌ನಲ್ಲಿ ಉಗ್ರಾಣದ ಲೆಕ್ಕ ತಾಳೆಯಾಗದೆ
ಹೈಡ್ರುನ್ ದೂರು ಕೊಟ್ಟಾಗ, ಬಂದವನು ಅವನೇ.
ಕೊರಳಲ್ಲಿ ನೀಲಿ ಪಟ್ಟಿ, ಈಗ ಒಣಗಿದ ಬೂಟು, ಕಂಪನಿಯ ಕಾರು.
ಅವಳು ಏನೂ ಅನ್ನಲಿಲ್ಲ. ಡ್ರಾಯರ್ ಎಳೆದಳು.
ಪರದೆಯ ಮೇಲೆ: ದಾಸ್ತಾನು, ಸೊನ್ನೆ.
ಡ್ರಾಯರಿನಲ್ಲಿ ತುಕ್ಕಿನ ವಾಸನೆ.

ಪಟ್ಟಿ ತೆಗೆದು ಮೇಜಿನ ಮೇಲಿಟ್ಟು
ಊಟದ ಹೊತ್ತೆಲ್ಲ ಕೂತು ಎಣಿಸಿದ.
ನಾನೂರ ಆರು. ಅವಳು ಮತ್ತೆ ಎಣಿಸಿದಳು.
ನಾನೂರ ಏಳು; ಒಂದು ಅವನ ತೋಳಿನ ಮಡಿಕೆಯಲ್ಲಿತ್ತು.

'ಬೀಗದ ಸಂಖ್ಯೆ' ಎಂಬ ಚೌಕ
ಕೆಂಪಗೆ ಮಿನುಗಿತು. ಖಾಲಿ ಬಿಡುವಂತಿಲ್ಲ.
ಅವನು ಸುತ್ತ ನೋಡಿದ,
ಚೌಕದೊಳಗೆ ಒಂದು ಚುಕ್ಕೆ ಒತ್ತಿದ.

ಒಪ್ಪಿಕೊಂಡಿತು.

'ಇದನ್ನು ಯಾರಿಗೂ ಹೇಳಬೇಡಿ' ಅಂದ.
'ಬೇರೆ ಕಡೆಯವರೂ ಹೀಗೇ ಮಾಡುತ್ತಾರಾ?'
'ಎಲ್ಲರೂ' ಅಂದ ಡಾಲ್‌ಬೆಕ್,
ಪಟ್ಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತ.