ತಗ್ಗಿಸುವ ಪಟ್ಟಿ

ರಾಜಕೋಟದ ಪೆಟ್ಟಿಗೆ ಬಿಚ್ಚಿದಾಗ ಅದು
ಮೇಣದ ಕಾಗದದೊಳಗೆ ಗ್ರೀಸು ಬಳಿದುಕೊಂಡು
ಎರೆಯಲು ಎಣ್ಣೆ ಹಚ್ಚಿಟ್ಟ ಕೂಸಿನ ಹಾಗೆ ಮಲಗಿತ್ತು.
ಇನಾಸ ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಕೇಳಿದರು:
'ಇದಕ್ಕೆ ಪಟ್ಟಿ ಎಲ್ಲಿ ಹಾಕೋದು, ಬಾಯೆ?'
'ಹಾಕೋದೇ ಬೇಡ' ಅಂದೆ.
ಅವರು ಬೀಡಿ ಹಚ್ಚಲು ಹೊರಗೆ ಹೋದರು.

ಮೂವತ್ತೊಂದು ವರ್ಷದ ಪಟ್ಟಿಗಳಿವೆ ಅವರಲ್ಲಿ.
ಮುರಿದ ಹ್ಯಾಕ್ಸಾ ಬ್ಲೇಡು, ಬಿಸ್ಕೀಟು ಡಬ್ಬಿಯ ತಗಡು,
ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ,
ತುರ್ತಿಗೆ ಒಮ್ಮೆ ಯಾರದೋ ಮದುವೆಯ ಕರೆಯೋಲೆ.
ಒಂದೊಂದು ಟೂಲಿಗೆ ಒಂದೊಂದು ಕಟ್ಟು.
ಅಳತೆ ಎಲ್ಲೂ ಬರೆದಿಲ್ಲ;
ಹೆಬ್ಬೆರಳು ಸವರಿದರೆ ಮುಗಿಯಿತು,
ಕರೆಂಟು ಹೋದಾಗಲೂ ಸರಿಯಾದದ್ದೇ ಕೈಗೆ ಬರುತ್ತಿತ್ತು.

ಮೊದಲ ತಕರಾರು ಟಿ-ನಟ್ಟಿನದು.
ನಮ್ಮ ಬಟಾಲಾ ಲೇತಿನ ಸೀಳು ಕಿರಿದು,
ಅವರು ಕಳಿಸಿದ್ದು ಇಟ್ಟಿಗೆಯಂಥ ತುಂಡು.
ಎರಡು ಸಂಜೆ ಅರ ಹಾಕಿದೆ.
ನನ್ನದೇ ಕಾಡಿಗೆ ಸವರಿ, ತೂರಿಸಿ, ಹೊರತೆಗೆದು,
ಕಪ್ಪು ಅಳಿಸಿ ಹೊಳೆದಲ್ಲಿ ಮತ್ತೆ ಉಜ್ಜಿ.
ಬೈತಖೋಲದ ಬಂದರಿನಲ್ಲಿ ಬೋಟುಗಳು
ಒಂದರ ಪಕ್ಕೆಗೊಂದು ಒರಗಿ
ಜುಲೈ ಮುಗಿಯಲೆಂದು ಕಾಯುತ್ತಿದ್ದವು.
ಬಂದಿ ತೆರೆಯಲು ಐದೇ ದಿನ.
ಎಲ್ಲರಿಗೂ ಶಾಫ್ಟು, ಎಲ್ಲರಿಗೂ ಬುಶ್ಶು,
ಎಲ್ಲರಿಗೂ ನಾಳೆಯೇ.

ಮೂರನೆಯ ದಿನ ಕೂಡಿಸಿ, ನಡುವಿನ ಬೋಲ್ಟು ಬಿಗಿದೆ.
ಹೋಲ್ಡರು ಇಳಿಬಿಟ್ಟು ಹಿಡಿಕೆ ತಿರುಗಿಸಿದೆ.
ಟಕ್.
ಹೊರಗೆ ಬೀಡಿ ಒಂದು ಗಳಿಗೆ ನಿಂತಿತು.

ಸರಳಿಗೂ ಟೂಲಿನ ಮೊನೆಗೂ ನಡುವೆ
ಆರಿಂಚಿನ ಸ್ಟೀಲು ಸ್ಕೇಲು ಹಿಡಿದು ಮೆಲ್ಲಗೆ ಒತ್ತಿದೆ.
ಮೊನೆ ಸೆಂಟರಿಗಿದ್ದರೆ ಸ್ಕೇಲು ನೆಟ್ಟಗೆ ನಿಲ್ಲುತ್ತದೆ,
ಕೆಳಗಿದ್ದರೆ ತಲೆ ನನ್ನ ಕಡೆ ವಾಲುತ್ತದೆ.
ಅದು ಆಚೆ ವಾಲಿತು.
ತಿರುಪು ಸಡಿಲಿಸಿ ಇಳಿಸಿದೆ. ಆಚೆಯೇ.
ಹೋಲ್ಡರಿನ ಹೊಟ್ಟೆ ಸ್ಲೈಡಿಗೆ ತಾಗುವವರೆಗೂ ಇಳಿಸಿದೆ.
ಸೆಂಟರಿನ ಮೇಲೆ, ಸರಿಯಾಗಿ ಎರಡು ಮಿಲಿಮೀಟರು ಎತ್ತರದಲ್ಲಿ,
ನನ್ನ ಹನ್ನೊಂದು ಸಾವಿರದ ಎಂಟುನೂರು ರೂಪಾಯಿ
ಗಾಳಿಯಲ್ಲಿ ನಿಂತಿತ್ತು.

ಏರಿಸಲು ಸಾವಿರ ಪಟ್ಟಿಗಳುಂಟು ಲೋಕದಲ್ಲಿ.
ತಗ್ಗಿಸುವ ಪಟ್ಟಿಯನ್ನು
ಇನ್ನೂ ಯಾರೂ ಕತ್ತರಿಸಿಲ್ಲ.

ಮೇಸ್ತ್ರಿ ಬಂದರು. ನಗಲಿಲ್ಲ; ನಕ್ಕಿದ್ದರೆ ಅತ್ತುಬಿಡುತ್ತಿದ್ದೆ.
ಬಗ್ಗಿ ನೋಡಿದರು, ನೋಟ ಸಾಲದೆ ಬೆರಳಿನಿಂದ ಮುಟ್ಟಿದರು.
ಒಳಗಿನ ಖಾನೆ ತಡಕಿ
ಹನ್ನೆರಡರ ಸಣಕಲು ಟೂಲೊಂದು ತಂದರು.
'ಹದಿನಾರರದ್ದು ತೆಗಿ, ಇದನ್ನು ಹಾಕು.
ಮೈ ದಪ್ಪ ಇದ್ದದ್ದೇ ತಲೆ ಎತ್ತೋದು.'

ನಾಲ್ಕು ತಗ್ಗಿತು. ತಿರುಪಿನಲ್ಲಿ ಎರಡು ಏರಿಸಿದೆ.
ಸ್ಕೇಲು ನೆಟ್ಟಗಾಯಿತು.
ಬೆರಳು ತೆಗೆದರೂ ನೆಟ್ಟಗೆ.
ದೂರದಲ್ಲಿ ಯಾರೋ ಲಂಗರಿನ ತುಕ್ಕು ಕುಟ್ಟುತ್ತಿದ್ದರು,
ಒಳಗೆ ನಾವಿಬ್ಬರೂ ಉಸಿರು ಬಿಟ್ಟಿರಲಿಲ್ಲ.

ದುರ್ಗಯ್ಯ ತಾಂಡೇಲರ ಶಾಫ್ಟು
ಗಂಜಿಯ ಹೊತ್ತಿಗೆ ಮುಗಿಯಿತು.
ಮುಖ, ಮೈ, ಟೇಪರು, ಕೊನೆಗೆ ಮರೆ;
ಟಕ್ ಅಂದರೆ ಒಂದು, ಟಕ್ ಅಂದರೆ ಇನ್ನೊಂದು.
ಅವರು ಉಗುರಿನಿಂದ ಗೀರಿ ನೋಡಿ ಅಂದರು:
'ಇಷ್ಟು ಬೇಗ ಆಯ್ತಾ?
ಹಾಗಾದ್ರೆ ಇನ್ನೂರು ಕಡಿಮೆ ತಗೊಳ್ಳಿ.'

ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ
ಶಾಫ್ಟನ್ನು ಎತ್ತಿ ಗೋಡೆಗೆ ಒರಗಿಸಿದರು.
'ಇಟ್ಟು ಹೋಗಿ. ನಾಲ್ಕು ದಿನ ಬಿಟ್ಟು ಬನ್ನಿ,
ತಡಮಾಡಿಯೇ ಕೊಡ್ತೇವೆ.'
ತಾಂಡೇಲರು ಎಣಿಸಿಕೊಟ್ಟರು, ಪೂರ್ತಿ.

ಮರುದಿನ ಬೀಗ ತೆಗೆದು ನೋಡುತ್ತೇನೆ:
ಹೊಸ ಹೋಲ್ಡರುಗಳ ಹೆಗಲ ಮೇಲೆ ಅರದ ಗೀರು.
ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು,
ಮರೆ ಹಾಕುವುದಕ್ಕೆ ಮೂರು,
ಹೆಬ್ಬೆರಳು ಕೂರುವಷ್ಟು ಆಳ.
ಹದಿನೈದು ದಿನದೊಳಗೆ ವಾಪಸು ಕಳಿಸಬಹುದು
ಎಂಬ ಚೀಟಿಯನ್ನು
ಒಲೆಗೆ ಹಾಕಿ ಚಹಾ ಕಾಸಿದೆ.